ನೂರ್‌ಬೀ ಕುಲುಕುತ್ತಿದ್ದ ಕಾಯಿ

ಹೋದ ವಾರ ಅರಸೀಕೆರೆ ಜಂಕ್ಷನ್ನಿನಲ್ಲಿ ಹಾಸನದ ರೈಲಿಗೆ ಕಾಯುತ್ತಾ ಕೂತಿದ್ದೆ. ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತು ಕಾಲ ಬಳಿ ಚೀಲ ಇಳಿಸಿದಳು. ಚೀಲದ ಬಾಯಿ ಸಡಿಲವಾಗಿತ್ತು. ವರ್ಷವಿಡೀ ಅಟ್ಟದ ಮೇಲೆ ಮಲಗಿ, ಒಳಗಿನ ನೀರೆಲ್ಲ ಇಂಗಿ, ಆಗಷ್ಟೇ ಚಿಪ್ಪು ಬಿಟ್ಟು ಬಂದ ಉಂಡೆ ಕೊಬ್ಬರಿಯ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ, ಧೂಳು, ಒಂದಿಷ್ಟು ಒಲೆಯ ಹೊಗೆ.

"ಏನವ್ವಾ, ಕೊಬ್ರಿ ಬೇಕಾ?" ಎಂದಳು ಆಕೆ. ಬೇಡ ಅನ್ನಲು ಮನಸ್ಸಾಗದೆ ಒಂದು ಇಸಿದುಕೊಂಡೆ. ಚಿಪ್ಪು ಕಳಚಿದ ಮೇಲೆ ಅದು ಮಾತಾಡುವುದಿಲ್ಲ ಎಂದು ಗೊತ್ತಿದ್ದೂ ಕಿವಿಯ ಹತ್ತಿರ ಹಿಡಿದು ಕುಲುಕಿದೆ. ಆಕೆ ನಕ್ಕುಬಿಟ್ಟಳು. ನಾನೂ ನಕ್ಕೆ. ಆದರೆ ರೈಲು ಬಂದು, ಹತ್ತಿ ಕೂತು, ಹಾಸನ ತಲುಪುವವರೆಗೂ ಆ ಒಂದು ಭಾದ್ರಪದ ನನ್ನ ತಲೆಯೊಳಗಿಂದ ಇಳಿಯಲಿಲ್ಲ.

ನಾನು ಸಿನಿಮಾಗಳಿಗೆ ಶಬ್ದ ಹಿಡಿಯುವವಳು. ಕಿವಿಗೆ ದೊಡ್ಡ ಹೆಡ್‌ಫೋನು ಸಿಕ್ಕಿಸಿಕೊಂಡು, ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ಬಿಸಿಲಲ್ಲಿ ನಿಲ್ಲುವುದು ನನ್ನ ಕೆಲಸ. ಊರು ಬಾಣಾವರ. "ನಮ್ ಗಿರಿಜಾ ಅಷ್ಟೆಲ್ಲ ಓದಿ ಕೊನೆಗೆ ಕೋಲು ಹಿಡ್ಕೊಂಡ್ಲು" ಎಂದು ಅಪ್ಪ ನೆಂಟರ ಮುಂದೆ ಹೇಳಿಕೊಂಡು ನಗುತ್ತಾರೆ. ಆ ವರ್ಷ ಗಣೇಶನ ಹಬ್ಬಕ್ಕೆ ಮನೆಗೆ ಬಂದವಳು ಇನ್ನೂ ಊರಲ್ಲೇ ಇದ್ದೆ. ಅನಿರುದ್ಧ ಫೋನ್ ಮಾಡಿದ.

ಅನಿರುದ್ಧ ಬೆಂಗಳೂರಿನ ನಿರ್ದೇಶಕ. ನನಗಿಂತ ಚಿಕ್ಕವನು, ಒಳ್ಳೆಯವನು, ಆದರೆ ಅವನ ಸಿನಿಮಾಗಳಲ್ಲಿ ಕಥೆ ಇರುವುದಿಲ್ಲ, ನಿರೂಪಣೆ ಇರುವುದಿಲ್ಲ, ಕೆಲವು ಸಲ ಚಿತ್ರವೂ ಇರುವುದಿಲ್ಲ. ಅದಕ್ಕೆ ಪ್ರಯೋಗ ಅನ್ನುತ್ತಾನೆ. ಪ್ರೇಕ್ಷಕರಾದರೂ ಇರುತ್ತಾರೇನೋ ಎಂದು ನಾನು ಕಾಲೆಳೆಯುತ್ತಿರುತ್ತೇನೆ.

"ಕ್ರಾಂತಿ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡ್ತಿದೀನಿ ಗಿರಿಜಾ. ನಿಮ್ಮ ಕಡೇದೇ" ಎಂದ.

"ನಮ್ಮ ಕಡೆ ಯಾವಾಗ ಆಯ್ತಪ್ಪಾ ಕ್ರಾಂತಿ, ನಮಗೇ ಗೊತ್ತಿಲ್ದೆ?"

"ಅರಸೀಕೆರೆ ಮಂಡೀದು. ಗುಡಾಣದ್ದು."

ನನಗೆ ನಗು ತಡೆಯಲಾಗಲಿಲ್ಲ. "ಅದನ್ನ ನಾವು ಗುಡಾಣದ ಗಲಾಟೆ ಅಂತೀವಿ ಕಣೋ."

ಅದು ನಡೆದದ್ದು ನಾನು ಹುಟ್ಟುವುದಕ್ಕೆ ಮುಂಚೆ. ರುದ್ರಪ್ಪ ಸಾಹುಕಾರರ ಕೊಬ್ಬರಿ ಮಂಡಿಯ ಅಂಗಳದಲ್ಲಿ ಊರೂರಿನ ಹೆಂಗಸರು ಕೂತು ಒಣಗಿದ ಕಾಯಿಯ ಚಿಪ್ಪು ಬಿಡಿಸುತ್ತಿದ್ದರು. ಅವರ ಕೈಗೆ ಕಾಯಿ ಬರುವ ಮೊದಲು ಅದು ನೂರ್‌ಬೀ ಕೈ ದಾಟಬೇಕಿತ್ತು. ನೂರ್‌ಬೀ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಕುಲುಕುತ್ತಿದ್ದಳು. ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದ್ದರೆ ಲೊಟಲೊಟ ಅನ್ನುತ್ತದೆ, ಅದು ಕೆಳಕ್ಕೆ. ಸದ್ದು ಬರದಿದ್ದರೆ ಇನ್ನೂ ಹಸಿ, ಅದು ವಾಪಸ್ ಅಟ್ಟಕ್ಕೆ.

ಮಂಡಿಯಲ್ಲಿ ನೀರು ಕುಡಿಯುವುದಕ್ಕೂ ಒಂದು ಲೆಕ್ಕವಿತ್ತು. ಸಾಹುಕಾರರ ಕಡೆಯವರಿಗೆ ಒಳಗಿನ ಚೆಂಬು. ನೂರ್‌ಬೀಗೆ ಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೇರೆ ಇಟ್ಟಿದ್ದರು. ಚಿಪ್ಪು ಬಿಡಿಸುವವರಲ್ಲಿ ಒಬ್ಬಳಾದ ದ್ಯಾವಮ್ಮ ಮತ್ತು ಅವಳ ಕೇರಿಯವರಿಗೆ ಅದೂ ಇಲ್ಲ. ಬೊಗಸೆ ಒಡ್ಡಬೇಕು, ಮೇಲಿಂದ ಸುರಿಯುತ್ತಾರೆ. ಇದೇನೂ ಆ ಮಂಡಿಯ ವಿಶೇಷವಲ್ಲ. ಬಾಣಾವರದಲ್ಲಿ ನಮ್ಮ ಮನೆಯ ಹಿತ್ತಲ ಗೂಡಿನಲ್ಲೂ ಅಂಥದ್ದೊಂದು ಲೋಟವಿತ್ತು ಎಂದು ಅಜ್ಜಿ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ನೂರ್‌ಬೀ ತನ್ನ ಲೋಟದಲ್ಲಿ ನೀರು ತುಂಬಿ ದ್ಯಾವಮ್ಮನ ಕೈಗೆ ಕೊಟ್ಟಳು. ದ್ಯಾವಮ್ಮ ಕುಡಿದಳು. ಗುಮಾಸ್ತ ನೋಡಿ ಲೋಟವನ್ನು ಕಸಿದು ಬೀದಿಗೆ ಎಸೆದ. ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಬಂದರು, ಆದರೆ ಒಳಗೆ ಹೋಗದೆ ಬಾಗಿಲ ಮುಂದೆಯೇ ಕೂತರು. ಘೋಷಣೆ ಕೂಗಲು ಯಾರಿಗೂ ಬರುತ್ತಿರಲಿಲ್ಲ. ನೂರ್‌ಬೀ ಒಂದು ಕಾಯಿ ತೆಗೆದು ಕುಲುಕತೊಡಗಿದಳಂತೆ. ಆಮೇಲೆ ಎಲ್ಲರೂ ಒಂದೊಂದು ತೆಗೆದುಕೊಂಡರು. ಹೊತ್ತು ಹುಟ್ಟಿ ಮುಳುಗುವವರೆಗೂ ಅದೇ ಸದ್ದು, ಮರುದಿನವೂ ಅದೇ. ಕೊನೆಗೆ ಸಾಹುಕಾರರಿಗೆ ತಲೆಕೆಟ್ಟು, ಅಂಗಳದ ನಡುವೆ ನೀರಿನ ಒಂದು ದೊಡ್ಡ ಗುಡಾಣ ಇಡಿಸಿ, ಯಾರು ಬೇಕಾದರೂ ಮೊಗೆದು ಕುಡಿಯಿರಿ ಎಂದರು. ಅಷ್ಟೇ. ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಯಾರೂ ಫೋಟೋ ತೆಗೆಯಲಿಲ್ಲ. ಅದಾಗಿ ಎರಡು ಮೂರು ವರ್ಷಕ್ಕೆ ನೂರ್‌ಬೀ ಎರಡನೇ ಬಾಣಂತಿತನದಲ್ಲಿ ತೀರಿಹೋದಳು. ಅವಳದ್ದೂ ಒಂದು ಫೋಟೋ ಉಳಿಯಲಿಲ್ಲ.

ಅನಿರುದ್ಧನ ಪ್ರಯೋಗಕ್ಕೆ ಒಂದೇ ನಿಯಮ: ಯಾರೂ ತಮ್ಮ ಪಾತ್ರವನ್ನು ತಾವೇ ಮಾಡಬಾರದು. ಪ್ರಾತಿನಿಧ್ಯ ಅಂದರೆ ಇನ್ನೊಬ್ಬರ ಜಾಗದಲ್ಲಿ ಕೂತು ನೋಡುವುದು ಎಂಬುದು ಅವನ ವಾದ. "ಕೂತು ನೋಡಿ ಎದ್ದು ಹೋಗೋರಿಗೇನಪ್ಪಾ ಬರ" ಎಂದೆ ನಾನು. ನನ್ನ ನಾಲಿಗೆ ಅವನಿಗೆ ಅಭ್ಯಾಸವಾಗಿದೆ.

ಶೂಟಿಂಗ್ ಶುರುವಾದಾಗ ಉತ್ತರೆ ಮಳೆ ಹಿಡಿದಿತ್ತು. ಅರಸೀಕೆರೆಯ ಮಳೆ ಜೋರಾಗಿ ಬಂದು ಹೋಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ನಾವು ಒಂದು ಮಾತು ರೆಕಾರ್ಡ್ ಮಾಡಲು ಹೊರಟರೆ ಸಾಕು, ತಗಡಿನ ಮೇಲೆ ಹನಿ ಬೀಳುತ್ತದೆ. ಹನಿ ನಿಂತರೆ ಗೂಡ್ಸ್ ರೈಲು ಬರುತ್ತದೆ. ಸುತ್ತಲ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿತ್ತು, ಊರಿನವರ ಮುಖವೆಲ್ಲ ಗೆಲುವಾಗಿತ್ತು, ನಾನೊಬ್ಬಳು ಮಾತ್ರ ಆಕಾಶಕ್ಕೆ ಬೈಯುತ್ತಾ ತಿರುಗುತ್ತಿದ್ದೆ.

ಮಂಡಿಯನ್ನು ಈಗ ನೋಡಿಕೊಳ್ಳುತ್ತಿರುವವರು ರುದ್ರಪ್ಪ ಸಾಹುಕಾರರ ಮಗ ಶಂಕ್ರಣ್ಣ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಶೂಟಿಂಗಿಗೆ ಜಾಗ ಕೊಡುವಾಗ ಒಂದೇ ಮಾತು ಕೇಳಿದರು. "ನಮ್ಮಪ್ಪನ್ನ ವಿಲನ್ ಮಾಡ್ತೀರೇನ್ರೀ?"

"ಇಲ್ಲ ಸಾರ್. ನಿಮ್ಮ ತಂದೆ ಪಾತ್ರ ದ್ಯಾವಮ್ಮ ಅವರು ಮಾಡ್ತಾರೆ" ಎಂದ ಅನಿರುದ್ಧ.

ಶಂಕ್ರಣ್ಣ ಹೆಗಲ ಟವೆಲು ಸರಿಮಾಡಿಕೊಂಡರು. "ಮತ್ತೆ ನಾನು?"

"ನೀವು ನಾರು ಹೊರೋ ಆಳು."

ಅವರು ಬೇಡ ಅನ್ನುತ್ತಾರೆಂದೇ ನಾನು ಎಣಿಸಿದ್ದೆ. ಆದರೆ ಆ ಮನುಷ್ಯ ಪಂಚೆ ಎತ್ತಿಕಟ್ಟಿ, ತಲೆಗೆ ಟವೆಲ್ ಸುತ್ತಿ, ತೆಂಗಿನ ನಾರಿನ ಕುಕ್ಕೆ ಹೊತ್ತು ಅಂಗಳದಲ್ಲಿ ಓಡಾಡಿಯೇಬಿಟ್ಟರು. ಅವರ ಮನೆಯವರು ಮಹಡಿಯ ಕಿಟಕಿಯಲ್ಲಿ ನಿಂತು ನಕ್ಕ ನಗು ನನ್ನ ರೆಕಾರ್ಡಿಂಗಿನಲ್ಲಿ ಈಗಲೂ ಇದೆ.

ದ್ಯಾವಮ್ಮ ಕಣಕಟ್ಟೆಯ ಹತ್ತಿರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಒಣಗಿದ ಸಣ್ಣ ದೇಹ, ಕಣ್ಣು ಮಾತ್ರ ಚುರುಕು. ಸಾಹುಕಾರರ ದಿಂಬಿಗೆ ಒರಗಿ ಕೂರಬೇಕು ಎಂದಾಗ ಮೊದಲು ಒಪ್ಪಲಿಲ್ಲ. "ಬ್ಯಾಡ ಸಾರ್, ನಂಗೆ ಬೆನ್ನು ನಿಲ್ಲಾಕಿಲ್ಲ" ಎಂದಳು. ಬೆನ್ನಿನದಲ್ಲ ವಿಷಯ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ಕುಕ್ಕೆ ಹೊತ್ತು ನಿಂತಿದ್ದ ಶಂಕ್ರಣ್ಣನೇ, "ಕೂತ್ಕೊಳ್ರೀ ದ್ಯಾವಮ್ಮ. ನನ್ ಕತ್ತು ನೋಯ್ತೈತೆ, ಬೇಗ ಮುಗಿಸಿ" ಎಂದರು. ಕೂತಳು. ಒಂದು ಸಲ ಕೂತವಳು ಕಾಲು ಚಾಚಿ, ದಿಂಬನ್ನು ತಟ್ಟಿ ಸರಿಮಾಡಿಕೊಂಡು, "ಏಯ್ ಶಂಕ್ರ, ಎಲ್ರಿಗೂ ಕಾಫಿ ತರ್ಸ್ಲಾ!" ಎಂದು ಗುಡುಗಿದಳು. ಅದು ಅನಿರುದ್ಧ ಹೇಳಿಕೊಟ್ಟದ್ದಲ್ಲ. ಶಂಕ್ರಣ್ಣ ಕುಕ್ಕೆ ಇಳಿಸಿ ನಿಜವಾಗಿಯೂ ಕಾಫಿ ತರಿಸಿದರು.

ಹೀಗೆ ಎಲ್ಲ ನಗುನಗುತ್ತಾ ಸಾಗಿ ಕೊನೆಗೆ ನೂರ್‌ಬೀ ಹತ್ತಿರ ಬಂದು ನಿಂತಿತು.

ಸಿನಿಮಾಗೆ ಹಣ ಕೊಟ್ಟಿದ್ದ ಸಂಸ್ಥೆಯವರಿಗೆ ವೈವಿಧ್ಯದ ಮೇಲೆ ಬಹಳ ಕಾಳಜಿ. ಎಲ್ಲ ಸಮುದಾಯದವರೂ ತೆರೆಯ ಮೇಲೆ ಕಾಣಬೇಕು. ಕಂಡರೆ ಸಾಲದು, ಗುರುತಾಗಬೇಕು ಎಂದು ಅವರು ಅನಿರುದ್ಧನ ತಲೆ ತಿನ್ನುತ್ತಿದ್ದರು. ಅವನು ಬೆಂಗಳೂರಿನಿಂದ ಒಬ್ಬ ನಟಿಯನ್ನು ಕರೆಸಿದ. ಬುರ್ಖಾ ತೊಡಿಸಿ ಅಟ್ಟದ ಏಣಿಯ ಪಕ್ಕ ನಿಲ್ಲಿಸಿದ.

ದ್ಯಾವಮ್ಮ ಹತ್ತಿರ ಹೋಗಿ ನೋಡಿದಳು. "ಇದ್ಯಾರು?"

"ನೂರ್‌ಬೀ" ಎಂದ ಅನಿರುದ್ಧ.

"ಯಾವೂರ್ ನೂರ್‌ಬೀ? ನಮ್ ನೂರ್‌ಬೀ ಹಿಂಗಿರ್ಲಿಲ್ಲ. ಸೀರೆ ಎತ್ಕಟ್ಟಿ ಏಣಿ ಹತ್ತೋಳು. ತಲೆ ಮ್ಯಾಲೊಂದು ಟವಲ್ಲು, ನಮ್ಮಂಗೇಯ. ಇದುನ್ನ ಹಾಕ್ಕಂಡು ಅಟ್ಟ ಹತ್ತು ನೋಡಾನ ನೀನೇ."

ಆ ಹುಡುಗಿ ಮೆಲ್ಲಗೆ ಬುರ್ಖಾ ತೆಗೆದು ಮಡಿಚಿದಳು. "ನಮ್ಮನೇಲೂ ಯಾರೂ ಹಾಕಲ್ಲ ಆಂಟಿ. ಹಾಕು ಅಂದ್ರು, ಹಾಕ್ದೆ" ಎಂದಳು. ಅವಳ ಹೆಸರು ರುಬೀನಾ ಎಂದು ನನಗೆ ಗೊತ್ತಾದದ್ದೇ ಆಗ. ಅನಿರುದ್ಧನ ಮುಖ ನೋಡಬೇಕಿತ್ತು. ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಮಹಾಲಯ ಅಮಾವಾಸ್ಯೆಗೆ ದ್ಯಾವಮ್ಮ ನಮ್ಮನ್ನು ಊಟಕ್ಕೆ ಕರೆದಿದ್ದಳು. ನಮ್ಮ ಕಡೆ ಅದು ಹಿರಿಯರ ಹಬ್ಬ. ಮನೆಯಲ್ಲಿ ಸತ್ತವರಿಗೆಲ್ಲ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡಿಗೆ ಮಾಡಿ, ಎಲೆ ಹಾಕಿ ಎಡೆ ಇಡುತ್ತಾರೆ. ಗೋಡೆಯ ಬುಡದಲ್ಲಿ ದ್ಯಾವಮ್ಮನ ಅತ್ತೆ, ಮಾವ, ಗಂಡ, ಎಲ್ಲರ ಎಲೆಯೂ ಸಾಲಾಗಿತ್ತು. ಕೊನೆಯಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು ಎಲೆ. ಅದರ ಮುಂದೆ ಹಸಿರು ಸೀರೆ, ಒಂದು ಡಜನ್ ಗಾಜಿನ ಬಳೆ, ನೆಗ್ಗಿಹೋದ ಅಲ್ಯೂಮಿನಿಯಂ ಲೋಟದಲ್ಲಿ ನೀರು.

"ಇದ್ಯಾರ್ದು ದ್ಯಾವಮ್ಮ?" ಎಂದೆ. ಲೋಟ ನೋಡಿದಾಗಲೇ ಉತ್ತರ ಗೊತ್ತಾಗಿತ್ತು.

"ಇನ್ಯಾರ್ದು, ಅವ್ಳುದೇಯ. ಬೀದೀಲಿ ಬಿದ್ದಿತ್ತಲ್ಲ, ಎತ್ತಿಟ್ಕಂಡಿದ್ದೆ. ವರ್ಸಾ ವರ್ಸಾ ಇಡ್ತೀನಿ."

ಸೊಸೆ ಒಳಗಿಂದ ಸಾರಿನ ಪಾತ್ರೆ ತಂದಳು. ದ್ಯಾವಮ್ಮ ದನಿ ತಗ್ಗಿಸಿ, ಗುಟ್ಟು ಹೇಳುವವಳ ಹಾಗೆ ಹೇಳಿದಳು. "ಬಾಡು ಮಾತ್ರ ಅರಸೀಕೆರೆ ಸಾಬ್ರ ಅಂಗ್ಡೀದೇ ತರ್ಸ್ತೀನಿ ಕಣವ್ವಾ. ಅವ್ಳಿಗಾಗೋ ಹಂಗೆ ಕುಯ್ದಿರ್ಬೇಕಲ್ಲ. ಒಂದೊಂದು ಎಲೆಗೆ ಒಂದೊಂದು ಬೇಯ್ಸಾಕಾಯ್ತದಾ? ಅದುಕ್ಕೇ ನಮ್ ಮಾವನ್ಗೂ ಅದ್ನೇ ಬಡಿಸ್ತೀನಿ. ಬದುಕಿದ್ದಾಗ ಜಗಳ ಆಡೋನು. ಈಗ ಸುಮ್ನೆ ತಿಂತಾನೆ."

ನನಗೆ ನಗು ಬಂತು. ತಿರುಗಿ ನೋಡಿದರೆ ಅನಿರುದ್ಧ ಕ್ಯಾಮರಾ ಹಿಂದೆ ನಿಂತು ಅಳುತ್ತಿದ್ದ. ದ್ಯಾವಮ್ಮನ ಒಪ್ಪಿಗೆ ಕೇಳಿ ಶೂಟ್ ಮಾಡಿದ. ಕ್ಯಾಮರಾ ಆ ಸೀರೆ, ಆ ಬಳೆ, ಆ ನೀರನ್ನು ಬಿಟ್ಟು ಅಲ್ಲಾಡಲಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ ಚಿತ್ರಿಕೆ ಇನ್ನೊಂದನ್ನು ಕಂಡಿಲ್ಲ. "ಇದೇ ಗಿರಿಜಾ. ಇದೇ ನನ್ನ ಸಿನಿಮಾ" ಎಂದ.

"ನೂರ್‌ಬೀಗೆ ಮಗಳೊಬ್ಳು ಇದಾಳಲ್ವಾ?" ಎಂದೆ.

"ಬೇಲೂರಾಗವ್ಳೆ. ಬಟ್ಟೆ ಹೊಲೀತಾಳೆ. ಅವ್ಳ ಅಜ್ಜಿ ಸಾಕಿದ್ದು" ಎಂದಳು ದ್ಯಾವಮ್ಮ. "ಈ ಎಡೆ ಸಮಾಚಾರ ಅವ್ಳಿಗೆ ಹೇಳಿಲ್ಲ."

ಹೇಳದೆ ತೋರಿಸುವುದು ಸರಿಯಲ್ಲ ಎಂದೆ. ಅನಿರುದ್ಧ ತಕ್ಷಣ ಒಪ್ಪಿದ. ಮಗಳು ನೋಡಿದರೆ ಸಂತೋಷಪಡದೆ ಇರುತ್ತಾಳೆಯೇ ಎಂಬುದು ಅವನ ಭರವಸೆ.

ಜಾವಗಲ್ ದಾರಿಯಲ್ಲಿ ಕಾರು ಹೊರಟಿತು. ದ್ಯಾವಮ್ಮನ ತೊಡೆಯ ಮೇಲೆ ಒಂದು ಕೈಚೀಲ, ಅದರಲ್ಲಿ ನೂರ್‌ಬೀ ಮಗಳಿಗೆಂದು ಅಟ್ಟದಿಂದ ಇಳಿಸಿದ ನಾಲ್ಕಾರು ಒಣಗಾಯಿ. ಹಳೇಬೀಡಿನಲ್ಲಿ ಕಾಫಿಗೆ ನಿಲ್ಲಿಸಿದಾಗ, ಇಷ್ಟು ಹತ್ತಿರದಲ್ಲಿದ್ದೂ ತಾನು ಈ ದೇವಸ್ಥಾನ ನೋಡಿಲ್ಲ ಎಂದಳು. ಒಳಗೆ ಹೋದೆವು. ನಾನೂ ಅನಿರುದ್ಧನೂ ನೆರಳಲ್ಲಿ ಕೂತೆವು. ದ್ಯಾವಮ್ಮ ಹೊರಗೋಡೆಯ ಉದ್ದಕ್ಕೂ ಕತ್ತೆತ್ತಿ ನೋಡುತ್ತಾ ನಡೆದಳು. ಕನ್ನಡಿ ಹಿಡಿದ ಚೆಲುವೆಯೊಬ್ಬಳ ಮುಂದೆ ನಿಂತು, "ಹೊತ್ತಾರೆನೇ ಸಿಂಗಾರ ಮಾಡ್ಕಂಡು ನಿಂತವ್ಳಲ್ಲ, ಬಾಗ್ಲಿಗೆ ನೀರಾಕೋರ್ಯಾರು?" ಎಂದು ಕೇಳಿ ಮುಂದೆ ಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಅವಳು ದೇವರನ್ನು ನೋಡುತ್ತಿರಲಿಲ್ಲ. ಕೆಳಗಿನ ಸಾಲುಗಳಲ್ಲಿ ಕುಣಿಯುವವರು, ಬಾರಿಸುವವರು, ನೀರು ಹೊರುವವರು ಇದ್ದಾರಲ್ಲ, ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಏನ್ ಹುಡುಕ್ತಿದೀರಿ ದ್ಯಾವಮ್ಮ?"

"ಫೋಟೋ ಇಲ್ವಲ್ಲವ್ವಾ ಅವ್ಳುದು. ಇಷ್ಟೊಂದು ಹೆಣ್ಮಕ್ಳವ್ರೆ. ಒಂದಾದ್ರೂ ಅವ್ಳಂಗಿದ್ರೆ ಸಾರ್‌ಗೆ ತೋರ್ಸಾನ ಅಂತ." ತಾಳ ಹಿಡಿದ ಒಬ್ಬಳ ಎದುರು ನಿಂತು ಕಣ್ಣು ಕಿರಿದು ಮಾಡಿದಳು. ಆ ಶಿಲ್ಪದ ಮೂಗು ಮುರಿದಿತ್ತು. "ಕಣ್ಣು ಇಂಗೇ ಇದ್ವು. ಗಲ್ಲ ಅಲ್ಲ. ಅವ್ಳ ಗಲ್ದಾಗೆ ಗುಳಿ ಬೀಳೋದು." ಸ್ವಲ್ಪ ಹೊತ್ತು ನಿಂತು, "ಇಲ್ಲ ಬುಡು" ಎಂದು ಹೊರಟಳು. ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ, ಗೊತ್ತಾಗುತ್ತಿಲ್ಲ.

ಬೇಲೂರಿನಲ್ಲಿ ಶಾಹಿದಾಳ ಹೊಲಿಗೆ ಅಂಗಡಿ ಸಣ್ಣ ಗಲ್ಲಿಯೊಂದರಲ್ಲಿತ್ತು. ಕೊರಳಲ್ಲಿ ಟೇಪು, ಕನ್ನಡಕ, ಪಕ್ಕದಲ್ಲಿ ಸ್ಕೂಲ್ ಯೂನಿಫಾರ್ಮಿನ ಗುಡ್ಡೆ. ದ್ಯಾವಮ್ಮನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡಳು. ಅನಿರುದ್ಧ ಲ್ಯಾಪ್‌ಟಾಪ್ ತೆರೆದು ಎಡೆಯ ಚಿತ್ರಿಕೆ ತೋರಿಸಿದ. ಶಾಹಿದಾ ಕೊನೆಯವರೆಗೂ ನೋಡಿದಳು. ಕನ್ನಡಕ ತೆಗೆದು ದುಪಟ್ಟಾದಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು.

"ಪ್ರತಿ ವರ್ಷ ಇಡ್ತೀರಾ ದೊಡ್ಡಮ್ಮ? ನಂಗೊಂದ್ ಮಾತೂ ಹೇಳಿಲ್ಲ."

"ಹೇಳ್ಕಳಾದೇನೈತೆ ಮಗಾ."

ಶಾಹಿದಾ ಅನಿರುದ್ಧನ ಕಡೆ ತಿರುಗಿದಳು. "ಇದನ್ನ ಸಿನಿಮಾದಲ್ಲಿ ಹಾಕ್ಬೇಡಿ ಸಾರ್."

ಅನಿರುದ್ಧ ತಬ್ಬಿಬ್ಬಾದ. "ಯಾಕೆ ಮೇಡಂ? ಇವತ್ತಿನ ಕಾಲದಲ್ಲಿ ಇಂಥದ್ದು ಜನಕ್ಕೆ ಗೊತ್ತಾಗಬೇಕು."

"ಇವತ್ತಿನ ಕಾಲ ಅಂತ್ಲೇ ಬೇಡ ಅಂತಿರೋದು. ದೊಡ್ಡಮ್ಮನ ಕೇರೀಲಿ ಒಬ್ರು ಕೇಳ್ತಾರೆ, ನಮ್ ಗಲ್ಲೀಲಿ ಒಬ್ರು ಕೇಳ್ತಾರೆ. ಸರೀನಾ ತಪ್ಪಾ ಅಂತ ಫೋನಲ್ಲಿ ಜಗಳ ಆಡ್ತಾರೆ. ಇದು ನಮ್ಮಮ್ಮಂದು, ದೊಡ್ಡಮ್ಮಂದು. ಅವರಿಬ್ರ ಮಧ್ಯ ಇರ್ಲಿ."

ಅವನಿಗೆ ಬಿಟ್ಟುಕೊಡಲು ಮನಸ್ಸಿಲ್ಲ. ಹಾಗಾದರೆ ಒಬ್ಬ ನಟಿಯ ಕೈಲಿ ಮಾಡಿಸುತ್ತೇವೆ, ಬುರ್ಖಾ ಇರುವುದಿಲ್ಲ, ದ್ಯಾವಮ್ಮ ಹೇಳಿದ ಹಾಗೆಯೇ ಸೀರೆ, ಟವೆಲು ಎಂದ. ಶಾಹಿದಾ ತಲೆ ಅಲ್ಲಾಡಿಸಿದಳು.

"ಅಮ್ಮ ಹೋದಾಗ ನಂಗೆ ನಾಲ್ಕೋ ಐದೋ ವರ್ಷ. ಮುಖ ನೆನಪಿಲ್ಲ ಸಾರ್. ಎಷ್ಟು ಕಣ್ಮುಚ್ಚಿದ್ರೂ ಬರಲ್ಲ. ನೀವು ಯಾರನ್ನೋ ತೋರ್ಸಿ ಇವ್ರೇ ನೂರ್‌ಬೀ ಅಂದ್ರೆ, ಆಮೇಲೆ ಕಣ್ಮುಚ್ಚಿದಾಗೆಲ್ಲ ಅವ್ರೇ ಬರ್ತಾರೆ. ಖಾಲಿ ಇದ್ರೆ ಖಾಲಿನೇ ಇರ್ಲಿ. ಅದು ನಮ್ಮಮ್ಮನ ಜಾಗ."

ಹೊರಗೆ ಮಳೆ ಹನಿಯತೊಡಗಿತು. ದ್ಯಾವಮ್ಮ ಎಲ್ಲರ ಮುಖವನ್ನೂ ನೋಡಿದಳು. "ಮಗ್ಳು ಬ್ಯಾಡ ಅಂದ್ಮೇಲೆ ಆಯ್ತು ಸಾರ್. ಬ್ಯಾಡ" ಎಂದಳು. ಆಮೇಲೆ ಚೀಲವನ್ನು ಎದೆಗೆ ಒತ್ತಿಕೊಂಡು ಕೇಳಿದಳು: "ಅಂಗಾರೆ ಎಲ್ರೂ ಇರ್ತೀವಿ, ನೂರ್‌ಬೀ ಒಬ್ಳು ಇರಾಕಿಲ್ವಾ? ಸುರು ಮಾಡಿದ್ದೇ ಅವ್ಳು."

ಕೈಕಟ್ಟಿ ಕೂತಿರಲಾರದೆ ನಾನು ನನ್ನ ಹೆಡ್‌ಫೋನನ್ನು ಶಾಹಿದಾಳ ಮುಂದೆ ಹಿಡಿದೆ. ಮಂಡಿಯ ಅಂಗಳದಲ್ಲಿ ದ್ಯಾವಮ್ಮ ಕಾಯಿ ಕುಲುಕುವುದನ್ನು ರೆಕಾರ್ಡ್ ಮಾಡಿದ್ದೆ. "ಮುಖ ಏನಿಲ್ಲ. ಬರೀ ಸದ್ದು. ಒಂದ್ಸಲ ಕೇಳ್ತೀರಾ?"

ಕಿವಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿತು.

"ಇದು ಅಮ್ಮ ಅಲ್ಲ" ಎಂದಳು.

"ನಾನೇಯ ಕುಲುಕಿದ್ದು" ಎಂದಳು ದ್ಯಾವಮ್ಮ, ತಪ್ಪು ಮಾಡಿದವಳಂತೆ.

"ಅಮ್ಮ ಇಷ್ಟು ಜೋರಾಗಿ ಕುಲುಕ್ತಿರ್ಲಿಲ್ಲ ದೊಡ್ಡಮ್ಮ." ಶಾಹಿದಾ ಹೆಡ್‌ಫೋನ್ ತೆಗೆದು ಅತ್ತಿತ್ತ ನೋಡಿದಳು. ದ್ಯಾವಮ್ಮ ಚೀಲದಿಂದ ಒಂದು ಕಾಯಿ ತೆಗೆದು ಅವಳ ಕೈಗಿಟ್ಟಳು. ಶಾಹಿದಾ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಕುಲುಕಿದಳು. ಎರಡು ಸಲ. ತಡೆದಳು. ಮತ್ತೊಂದು ಸಲ.

"ಅಮ್ಮ ಅಟ್ಟದ ಮೇಲೆ ಕೂತಿರೋರು. ನಾನು ಕೆಳಗೆ ನಾರಿನ ಗುಡ್ಡೆ ಮೇಲೆ ಮಲಗಿರ್ತಿದ್ದೆ. ಎರಡು ಸಲ ಕುಲುಕಿ ಕೇಳೋರು. ಅನುಮಾನ ಬಂದ್ರೆ ಇನ್ನೊಂದು ಸಲ. ಅದನ್ನ ಕೇಳ್ತಾ ಕೇಳ್ತಾ ನಂಗೆ ನಿದ್ದೆ ಬಂದ್ಬಿಡೋದು." ಅವಳು ತನಗೇ ಆಶ್ಚರ್ಯವಾದಂತೆ ಕಾಯಿಯನ್ನು ನೋಡಿದಳು. "ಇದು ನೆನಪಿದೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಅದೇಯ" ಎಂದಳು ದ್ಯಾವಮ್ಮ. ಬಾಯಿಗೆ ಸೆರಗು ಅಡ್ಡ ಬಂದಿತ್ತು. "ಅದೇ ಕಣವ್ವಾ. ನಂಗೆ ಮರ್ತೋಗಿತ್ತು. ಅವ್ಳೇ ಕುಲುಕ್ದಂಗೈತೆ."

ನಾನು ಅನಿರುದ್ಧನ ಮುಖ ನೋಡಲಿಲ್ಲ. ಈ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಲೇ ಎಂದು ಶಾಹಿದಾಳನ್ನು ಕೇಳಿದೆ. ತನ್ನ ಕೈ ತೋರಿಸಬಾರದು ಎಂದಳು. ಇಲ್ಲ ಎಂದೆ. ಯಾರ ಮುಖವನ್ನೂ ತೋರಿಸಬಾರದು ಎಂದಳು. ಏನನ್ನೂ ತೋರಿಸುವುದಿಲ್ಲ ಎಂದ ಅನಿರುದ್ಧ. ಅವನ ದನಿ ಅಷ್ಟು ಮೆತ್ತಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫ್ಯಾನು ಆರಿಸಿದೆವು, ಬಾಗಿಲು ಹಾಕಿದೆವು, ಯೂನಿಫಾರ್ಮಿನ ಗುಡ್ಡೆಯನ್ನೇ ಬಾಗಿಲ ಸಂದಿಗೆ ಒತ್ತರಿಸಿದೆವು. ಮಳೆಯೂ ಅದೊಂದು ಸಲ ನನ್ನ ಮೇಲೆ ಕರುಣೆ ತೋರಿ ನಿಂತುಕೊಂಡಿತು. ನಾನು ಮೈಕು ಹಿಡಿದೆ. ಶಾಹಿದಾ ಕಣ್ಣು ಮುಚ್ಚಿ ಕುಲುಕಿದಳು.

ವಾಪಸ್ ಹೊರಡುವ ಮೊದಲು ಅನಿರುದ್ಧ ಎಡೆಯ ಚಿತ್ರಿಕೆಯನ್ನು ಶಾಹಿದಾಳ ಫೋನಿಗೆ ಹಾಕಿಕೊಟ್ಟು, ತನ್ನ ಬಳಿ ಇದ್ದದ್ದನ್ನೆಲ್ಲ ಅಳಿಸಿದ. ಜಾವಗಲ್ ದಾಟುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಅವನಿಗೆ ನೋವಾಗಿತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ. ಅಂಥ ಚಿತ್ರಿಕೆ ಒಬ್ಬ ನಿರ್ದೇಶಕನಿಗೆ ಮತ್ತೆ ಸಿಗುವುದು ಕಷ್ಟ. ಮುಂದೆ ಹಣ ಕೊಟ್ಟವರು ಫೋನ್ ಮಾಡಿ, ಮುಸ್ಲಿಂ ಪಾತ್ರ ಎಲ್ಲೂ ಗುರುತಾಗುತ್ತಿಲ್ಲವಲ್ಲ ಎಂದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. "ಕಿವಿಗೆ ಗುರುತಾಗುತ್ತೆ. ಗುರುತು ಇರೋರಿಗೆ" ಎಂದ. ಆವತ್ತಿನಿಂದ ಅವನ ಪ್ರೇಕ್ಷಕರ ಬಗ್ಗೆ ತಮಾಷೆ ಮಾಡುವುದನ್ನು ಸ್ವಲ್ಪ ಕಮ್ಮಿ ಮಾಡಿದ್ದೇನೆ.

ಬೇಸಿಗೆಗೆ ಸಿನಿಮಾ ತಯಾರಾಯಿತು. ಮೊದಲ ಪ್ರದರ್ಶನ ಮಂಡಿಯ ಗೋದಾಮಿನಲ್ಲೇ ಆಗಬೇಕು ಎಂದು ಶಂಕ್ರಣ್ಣ ಹಟ ಹಿಡಿದರು. ಕೊಬ್ಬರಿ ಚೀಲಗಳನ್ನು ಗೋಡೆಗೆ ಸರಿಸಿ, ಬಾಗಿಲು ಕಿಟಕಿ ಮುಚ್ಚಿ, ಬಿಳಿ ಪಂಚೆಗಳನ್ನು ಹೊಲಿಸಿ ಪರದೆ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಮಂಡಿಯ ಆಳುಗಳು, ವ್ಯಾಪಾರಿಗಳು, ಕಣಕಟ್ಟೆ ಕಡೆಯ ಹೆಂಗಸರು ಎಲ್ಲರೂ ಸೇರಿದರು. ಒಳಗೆ ಧಗೆ, ಅದರ ಮೇಲೆ ಆ ಕೊಬ್ಬರಿಯ ವಾಸನೆ. ದ್ಯಾವಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಶಾಹಿದಾ ಬೇಲೂರಿನಿಂದ ಬಸ್ಸಿಗೆ ಬಂದವಳು ಕೂರದೆ, ಬಾಗಿಲ ಹತ್ತಿರ ಕೈಕಟ್ಟಿ ನಿಂತಳು. ಬೇಡವೆನಿಸಿದರೆ ಹೊರಟುಹೋಗಲು ಅನುಕೂಲ ಎಂದು ನನಗೆ ಹೇಳಿದಳು.

ಶಂಕ್ರಣ್ಣ ಕುಕ್ಕೆ ಹೊತ್ತು ಬಂದಾಗ ಇಡೀ ಗೋದಾಮು ಕೇಕೆ ಹಾಕಿತು. ದ್ಯಾವಮ್ಮ ದಿಂಬಿಗೆ ಒರಗಿ ಕಾಫಿ ತರಿಸಿದಾಗ ಅವಳ ಕೇರಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆಮೇಲೆ ಪರದೆ ಪೂರ್ತಿ ಕಪ್ಪಾಯಿತು.

"ಏಯ್, ಕರೆಂಟ್ ಹೋಯ್ತು!" ಎಂದು ಯಾರೋ ಕೂಗಿದರು. ಒಬ್ಬ ಶಿಳ್ಳೆ ಹೊಡೆದ. "ಬಾಗ್ಲು ತೆಗೀರ್ಲಾ, ಸೆಕೆ!" ಎಂದ ಇನ್ನೊಬ್ಬ. ಗದ್ದಲದಲ್ಲಿ ನಾನು ಬೇಲೂರಿನಲ್ಲಿ ಹಿಡಿದ ಸದ್ದು ಮುಳುಗಿಹೋಗುತ್ತಿತ್ತು. ನಾನು ಎದ್ದು ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತದ್ದು ಪ್ರೊಜೆಕ್ಟರಿನ ಮಬ್ಬು ಬೆಳಕಿನಲ್ಲಿ ಕಂಡಿತು. ಸಣ್ಣ ದೇಹ, ಸಾಹುಕಾರರ ದನಿ.

"ಸುಮ್ಕಿರ್ರಲಾ!" ಎಂದಳು ದ್ಯಾವಮ್ಮ. "ನೂರ್‌ಬೀ ಬಂದವ್ಳೆ."

ಗೋದಾಮು ಗಪ್ಪಾಯಿತು. ಬಾಗಿಲ ಬಳಿ ನಿಂತಿದ್ದ ಶಾಹಿದಾ ಕತ್ತಲಲ್ಲಿ ತಡವರಿಸಿಕೊಂಡು ಮುಂದಕ್ಕೆ ನಡೆದು ಹೋದದ್ದು, ದ್ಯಾವಮ್ಮ ಸರಿದು ಜಾಗ ಮಾಡಿಕೊಟ್ಟದ್ದು ನನಗೆ ಬಳೆಯ ಸದ್ದಿನಿಂದಲೇ ತಿಳಿಯಿತು. ಆಮೇಲೆ ಅದೂ ನಿಂತಿತು. ಅಟ್ಟದ ಕಡೆಯಿಂದ ಬಂದ ಹಾಗೆ, ಮೆಲ್ಲಗೆ, ಎರಡು ಸಲ. ತಡೆದು, ಇನ್ನೊಂದು ಸಲ.